ಗೋದಾಮಿನ ಬಾಗಿಲ ಬೂದುಗುಂಬಳ

ಕಳೆದ ಸಾಲಿನ ಲೆಕ್ಕಪರಿಶೋಧನೆಯಲ್ಲಿ ನಮ್ಮ ಸಂಘಕ್ಕೆ ಬಂದ ಆಕ್ಷೇಪಣೆಗಳು ಮೂರು. ಎರಡಕ್ಕೆ ಉತ್ತರ ಬರೆದು ಕಳಿಸಿಯಾಯಿತು. ಮೂರನೆಯದು ಸಾದಿಲ್ವಾರು ಖರ್ಚಿನಲ್ಲಿ ತೋರಿಸಿದ್ದ 640 ರೂಪಾಯಿ. ವಿವರ ಇಷ್ಟು: ಬೂದುಗುಂಬಳ 2, ತೆಂಗಿನಕಾಯಿ 5, ನಿಂಬೆಹಣ್ಣು, ಹಸಿಮೆಣಸಿನಕಾಯಿ, ಹೂವು, ಕರ್ಪೂರ, ಕುಂಕುಮ. ಅಡಿಕೆ ಖರೀದಿ ಶುರುವಾಗುವ ದಿನ ಗೋದಾಮಿನ ಬಾಗಿಲಲ್ಲಿ ಒಡೆದದ್ದಕ್ಕೆ ಮತ್ತು ತೂಗುಹಾಕಿದ್ದಕ್ಕೆ ಆದ ಖರ್ಚು. ಪರಿಶೋಧಕರು ಅದರ ಪಕ್ಕದಲ್ಲಿ ಪೆನ್ಸಿಲಿನಿಂದ "ಸಂಘದ ಯಾವ ಉದ್ದೇಶಕ್ಕಾಗಿ?" ಎಂದು ಬರೆದಿದ್ದರು.

ವಿಷಯ ಸರ್ವಸದಸ್ಯರ ಸಭೆಗೂ ಬಂತು. ತರುಣ ಸದಸ್ಯರೊಬ್ಬರು ಎದ್ದುನಿಂತು, "ಕಾರ್ಯದರ್ಶಿಗಳು ಪದವೀಧರರು. ಅವರೇ ಕುಂಬಳಕಾಯಿ ಒಡೆದರೆ ನಾವು ಯಾರನ್ನು ಕೇಳುವುದು?" ಎಂದರು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೂತಲ್ಲಿಂದಲೇ, "ಒಡೀದೆ ಲೋಡು ಕಳಿಸಿ ನೋಡು ಮಾರಾಯ" ಎಂದರು. ಎಲ್ಲರೂ ನಕ್ಕರು. ಅಷ್ಟರಲ್ಲಿ ಕಾಫಿ ಬಂತು, ಸಭೆ ಮುಂದಿನ ವಿಷಯಕ್ಕೆ ಹೋಯಿತು. ಆದರೆ ಆ ತರುಣರಿಗೆ ನಾನು ಉತ್ತರ ಕೊಡಲಿಲ್ಲವೆಂಬುದು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಈ ಲೇಖನ ಆ ಉತ್ತರ. ಸ್ವಲ್ಪ ಉದ್ದವಾಗಿದೆ, ಸದಸ್ಯರು ಮನ್ನಿಸಬೇಕು.

ನಾನು ಹೇಳಹೊರಟಿರುವುದು ದೇವಸ್ಥಾನದ ಪೂಜೆಯ ವಿಚಾರವಲ್ಲ, ಪುರೋಹಿತರು ಬಂದು ಮಾಡಿಸುವ ವ್ರತ ಹೋಮಗಳ ವಿಚಾರವೂ ಅಲ್ಲ. ನಾವು ದಿನಬೆಳಗಾದರೆ ಯೋಚಿಸದೆ ಮಾಡುವ ಚಿಲ್ಲರೆ ಆಚರಣೆಗಳಿವೆಯಲ್ಲ, ಅವುಗಳ ವಿಚಾರ. ಕೊನೆಗಾರ ಮರ ಹತ್ತುವ ಮೊದಲು ಬೊಡ್ಡೆ ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು, ಹೊಸ ಗುದ್ದಲಿಗೆ ಅರಿಶಿನ ಹಚ್ಚುವುದು, ಕರು ಹಾಕಿದ ಹಸುವಿನ ಗಿಣ್ಣುಹಾಲನ್ನು ಮೊದಲು ತೋಟದ ಮೂಲೆಯ ಚೌಡಿ ಕಲ್ಲಿಗೆ ಎರೆಯುವುದು, ಮಗು ಹಾಲು ಕುಡಿಯದಿದ್ದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು, ರಸ್ತೆ ಪಕ್ಕದ ಬಾಳೆಗೆ ಮೀಸೆ ಬರೆದ ಮಡಕೆ ಕಟ್ಟುವುದು. ಇವಕ್ಕೆ ಪುಸ್ತಕವಿಲ್ಲ. ಹೆಚ್ಚಿನವನ್ನು ಹೆಂಗಸರೂ ಆಳುಗಳೂ ನಡೆಸಿಕೊಂಡು ಬಂದಿದ್ದಾರೆ. ಕಲಿಸಿದವರು ಯಾರೆಂದು ಕೇಳಿದರೆ "ನಮ್ಮತ್ತೆ ಮಾಡ್ತಿದ್ರು" ಎನ್ನುತ್ತಾರೆ.

ನನ್ನ ತೋಟ ಲಿಂಗದಹಳ್ಳಿ ಕಡೆಯದು. ತಗ್ಗಿನಲ್ಲಿ ಅಡಿಕೆ, ಏರಿನಲ್ಲಿ ಕಾಫಿ. ತಾಯಿಯ ತವರು ಅಜ್ಜಂಪುರ ಸೀಮೆ, ಹೆಂಡತಿಯ ತವರು ಬೀರೂರು ಕಡೆ. ಆದ್ದರಿಂದ ಮಲೆನಾಡಿನ ಚೌಡಿಯೂ ಬಯಲುಸೀಮೆಯ ಮಳೆರಾಯನೂ ನಮ್ಮ ಮನೆಯಲ್ಲಿ ಒಂದೇ ಸೂರಿನ ಕೆಳಗೆ ಬಾಳಿದವರು.

ಇಂಥ ಆಚರಣೆ ನಮ್ಮ ದೇಶದ ಹಳ್ಳಿಗರಿಗೆ ಮಾತ್ರ ಅಂಟಿದ ರೋಗವೆಂದು ಓದಿದವರು ಭಾವಿಸುವುದುಂಟು. ಯೂರೋಪಿನಲ್ಲಿ ಕ್ರೈಸ್ತಮತಕ್ಕೆ ಹಿಂದಿನ ನಂಬಿಕೆಗಳನ್ನು 'ಪೇಗನ್' ಎಂದು ಕರೆಯುತ್ತಾರೆ. ಆ ಪದದ ಲ್ಯಾಟಿನ್ ಮೂಲಕ್ಕೆ ಹಳ್ಳಿಗ, ನಾಡಿನವ ಎಂದೇ ಅರ್ಥ. ಪೇಟೆಯವರು ಬಿಟ್ಟಮೇಲೂ ಬೇಸಾಯಗಾರ ಹಿಡಿದುಕೊಂಡಿದ್ದ ಎಂಬುದು ಆ ಹೆಸರಿನಲ್ಲೇ ಇದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ರೋಮನ್ ಜಮೀನುದಾರ ಕೇಟೋ ಎಂಬುವನು ಬೇಸಾಯದ ಮೇಲೆ ಒಂದು ಕೈಪಿಡಿ ಬರೆದ. ಎಣ್ಣೆಗಾಣ ಹೂಡುವುದು, ದ್ರಾಕ್ಷಿ ನೆಡುವುದು, ಆಳುಗಳಿಗೆ ಎಷ್ಟು ಪಡಿ ಕೊಡಬೇಕೆಂಬುದು ಎಲ್ಲ ಅದರಲ್ಲಿದೆ. ಜೊತೆಗೆ, ಮರದ ತೋಪನ್ನು ತೆಳುಮಾಡುವ ಮೊದಲು ಅಲ್ಲಿನ ದೇವತೆಗೆ ಹಂದಿ ಕೊಟ್ಟು ಏನೆಂದು ಬೇಡಿಕೊಳ್ಳಬೇಕೆಂಬುದೂ ಇದೆ. ಆ ತೋಪಿನ ದೇವತೆ ಗಂಡೋ ಹೆಣ್ಣೋ ಗೊತ್ತಿಲ್ಲ, ಯಾರಾದರೂ ಸರಿಯೆ ಎಂದೇ ಬೇಡಿಕೆ ಆರಂಭವಾಗುತ್ತದೆ. ಮರಗಸಿ ಶುರು ಮಾಡುವ ಮುಂಚೆ ನಮ್ಮ ಮೇಸ್ತ್ರಿ ದೊಡ್ಡ ಮರದ ಬುಡದಲ್ಲಿ ಊದುಕಡ್ಡಿ ಹಚ್ಚುವುದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಕಾಫಿ ಬೆಳೆಗಾರರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಗೋಧಿಗೆ ತುಕ್ಕುರೋಗ ತಗಲದಿರಲೆಂದು ರೋಮನರು ಪ್ರತಿವರ್ಷ ಏಪ್ರಿಲ್ 25ರಂದು ತುಕ್ಕಿನ ದೇವರಿಗೇ ಒಂದು ಹಬ್ಬ ಮಾಡುತ್ತಿದ್ದರು. ನಾಯಿಯನ್ನು ಬಲಿ ಕೊಡುತ್ತಿದ್ದರು. 1869ರಲ್ಲಿ ಸಿಂಹಳದ ಕಾಫಿ ತೋಟಗಳಲ್ಲಿ ಎಲೆತುಕ್ಕು ಕಾಣಿಸಿಕೊಂಡು ಮುಂದಿನ ವರ್ಷಗಳಲ್ಲಿ ಇಡೀ ಬೆಳೆಯನ್ನೇ ಅಳಿಸಿಹಾಕಿತು, ಅಲ್ಲಿನವರು ಚಹಾ ಹಿಡಿದರು. ತುಕ್ಕೆಂಬ ಹೆಸರೊಂದು ಬಿಟ್ಟರೆ ರೋಮನರಿಗೆ ಏನೂ ತಿಳಿದಿರಲಿಲ್ಲ, ಪಾಪ. ನಮಗೆ ಶಿಲೀಂಧ್ರವೆಂದು ಗೊತ್ತು, ಯಾವಾಗ ಸಿಂಪಡಿಸಬೇಕೆಂಬುದೂ ಗೊತ್ತು. ಗೊತ್ತಿದ್ದೂ ಸಿಂಪರಣೆಯ ದಿನ ಮುಂದೂಡುವವರು ಸದಸ್ಯರಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ನಾನೇ ಮೊದಲು ಕೈಯೆತ್ತಬೇಕಾದೀತು.

ಗೊತ್ತಿರುವುದು ಮತ್ತು ಗೊತ್ತಿಲ್ಲದ್ದರ ಈ ಗಡಿಯ ಮೇಲೆ ಮಾಲಿನೋವ್ಸ್ಕಿ ಎಂಬ ಮಾನವಶಾಸ್ತ್ರಜ್ಞರು ಬಹಳ ಉಪಯುಕ್ತವಾದ ಒಂದು ಮಾತು ಹೇಳಿದ್ದಾರೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರು ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅಲ್ಲಿನ ಬೇಸಾಯಗಾರರ ನಡುವೆಯೇ ಇದ್ದು ನೋಡಿದರು. ದಡದ ಒಳಗಿನ ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಆ ಜನ ಯಾವ ಮಂತ್ರವನ್ನೂ ಹಾಕುತ್ತಿರಲಿಲ್ಲ. ಅಲ್ಲಿ ಮೀನು ಸಿಗುವುದು ಖಾತ್ರಿ. ಅಪಾಯವೂ ಅನಿಶ್ಚಯವೂ ಇದ್ದ ತೆರೆದ ಕಡಲಿಗೆ ಹೋಗುವಾಗ ಮಾತ್ರ ವಿಧಿಗಳೇ ವಿಧಿಗಳು. ಇಷ್ಟೇ ಅಲ್ಲ, ತಮ್ಮ ಗೆಡ್ಡೆಯ ತೋಟಗಳಿಗೆ ಅವರು ಮಂತ್ರವನ್ನೂ ಹಾಕುತ್ತಿದ್ದರು, ಕಳೆಯನ್ನೂ ಕೀಳುತ್ತಿದ್ದರು. ಮಂತ್ರ ಹಾಕಿದೆನೆಂದು ಕಳೆ ಕೀಳದೆ ಬಿಟ್ಟವರಿರಲಿಲ್ಲ.

ಇದನ್ನು ನಮ್ಮ ತೋಟಕ್ಕೆ ತಂದು ನೋಡಿ. ಗೊಬ್ಬರದ ಗುಂಡಿ ತುಂಬುವುದಕ್ಕೆ, ಅಡಿಕೆ ಸುಲಿಯುವುದಕ್ಕೆ, ಬೇಯಿಸುವುದಕ್ಕೆ ನಾವು ಏನೂ ಶಾಸ್ತ್ರ ಮಾಡುವುದಿಲ್ಲ. ಕೈಗೆ ಸಿಕ್ಕಿದ ಕೆಲಸ ಅದು. ಹೂಮಳೆ ಬರುವುದೋ ಇಲ್ಲವೋ, ಬೋರಿನಲ್ಲಿ ನೀರು ನಿಲ್ಲುವುದೋ ಇಲ್ಲವೋ, ಐವತ್ತು ಅಡಿ ಮರದಲ್ಲಿ ಕೊನೆಗಾರನ ಕಾಲು ಜಾರುವುದೋ ಇಲ್ಲವೋ, ಅಡಿಕೆಯ ಧಾರಣೆ ಏರುವುದೋ ಇಳಿಯುವುದೋ, ಇವಕ್ಕೆಲ್ಲ ಶಾಸ್ತ್ರವುಂಟು. ಗೋದಾಮಿನ ಕುಂಬಳಕಾಯಿ ಈ ಕೊನೆಯ ಪಟ್ಟಿಗೆ ಸೇರಿದ್ದು. ತೂಕದ ಯಂತ್ರಕ್ಕೆ ಕುಂಕುಮ ಇಟ್ಟ ಮಾತ್ರಕ್ಕೆ ತೂಕ ಸರಿಯಾಗುವುದಿಲ್ಲ, ಅದಕ್ಕೆ ವರ್ಷಕ್ಕೊಮ್ಮೆ ಸರಕಾರದ ಮುದ್ರೆ ಬೇಕು. ನಾವು ಎರಡನ್ನೂ ಮಾಡಿಸಿದ್ದೇವೆ ಎಂಬುದನ್ನು ಪರಿಶೋಧಕರ ಗಮನಕ್ಕೆ ತಂದಿದ್ದೇನೆ.

ಈಗ ಕೊಳೆರೋಗದ ಕಥೆ. ಹಿಂದೆ ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಚೌಡಿಗೆ ಹರಕೆಯನ್ನೂ ಹೊರುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಈ ರೋಗವನ್ನು ಅಭ್ಯಾಸ ಮಾಡಿ, ಅದು ಶಿಲೀಂಧ್ರದಿಂದ ಬರುವುದೆಂದು ತಿಳಿಸಿ, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಬೆಳೆಗಾರರಿಗೆ ಹಿಡಿಸಿದರು. ಮುಂದೆ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದೂ ಅವರಿಂದಲೇ.

ಆದರೆ ಆ ದ್ರಾವಣ ಹುಟ್ಟಿದ ಬಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನುತ್ತಿದ್ದರು. ಅದಕ್ಕೆ ಬೆಳೆಗಾರರು ರಸ್ತೆ ಬದಿಯ ಸಾಲುಗಳಿಗೆ ಮಾತ್ರ ಮೈಲುತುತ್ತ ಸುಣ್ಣ ಕಲಸಿ ಎರಚಿ, ನೀಲಿ ಬಣ್ಣ ಕಂಡು ವಿಷವೆಂದು ಹೆದರಲಿ ಎಂದು ಬಿಡುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ಹಾದಿಯಲ್ಲಿ ಹೋಗುವಾಗ, ತೋಟದ ಒಳಗಿನ ಬಳ್ಳಿಗಳೆಲ್ಲ ಬೂಜು ಬಡಿದು ಎಲೆ ಉದುರಿಸಿದ್ದರೂ ರಸ್ತೆ ಬದಿಯ ಸಾಲು ಮಾತ್ರ ಹಸಿರಾಗಿರುವುದನ್ನು ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಅಂದರೆ ನಾವು ಇಂದು ಅಡಿಕೆಗೂ ಕಾಫಿಗೂ ಹೊಡೆಯುವ ಔಷಧಿ ಮೊದಲಿಗೆ ಒಂದು ಬೆದರುಬೊಂಬೆಯಾಗಿತ್ತು! ರಸ್ತೆ ಬದಿಯ ಬಾಳೆಗೆ ಕಟ್ಟಿದ ಮೀಸೆ ಮಡಕೆಯ ಅಣ್ಣತಮ್ಮನೆಂದರೂ ಸಲ್ಲುತ್ತದೆ. ಹಳಬರ ಆಚರಣೆಯಲ್ಲೆಲ್ಲ ಹೀಗೇ ವಿಜ್ಞಾನ ಅಡಗಿದೆಯೆಂದು ಹೇಳಲು ಈ ಕಥೆ ಹೇಳಲಿಲ್ಲ. ಕಣ್ಣಿಟ್ಟು ನೋಡಿದವನಿಗೆ ಏನಾದರೂ ಸಿಕ್ಕೀತು, ಅಷ್ಟೆ. ಮಿಲಾರ್ಡೆ ನಂಬಿಕೊಂಡೂ ಕೂರಲಿಲ್ಲ, ನಕ್ಕೂ ಹೋಗಲಿಲ್ಲ.

ಇಲ್ಲೊಂದು ಮಾತು. ಬಾಗಿಲಿಗೆ ಕಟ್ಟುವ ನಿಂಬೆ ಮೆಣಸಿನಕಾಯಿಯಿಂದ ಜೀವಸತ್ವ ಸಿ ಗಾಳಿಗೆ ಸೇರಿ ಆರೋಗ್ಯ ಕೊಡುತ್ತದೆಂದು ಒಂದು ಬರಹ ಮೊಬೈಲುಗಳಲ್ಲಿ ಓಡಾಡುತ್ತಿದೆ. ನಮ್ಮ ಸದಸ್ಯರೊಬ್ಬರು ನನಗೂ ಕಳಿಸಿದ್ದರು. ಜೀವಸತ್ವ ಸಿ ಹಾಗೆ ಆವಿಯಾಗುವ ವಸ್ತುವಲ್ಲ. ನಂಬಿಕೆಯಿದ್ದರೆ ನಂಬಿಕೆಯೆಂದು ಹೇಳಿ ಕಟ್ಟಿಕೊಳ್ಳೋಣ. ಅದಕ್ಕೆ ಸುಳ್ಳು ರಸಾಯನಶಾಸ್ತ್ರದ ಅಂಗಿ ತೊಡಿಸುವುದು ಬೇಡ. ನಿಜವಾದ ರಸಾಯನಶಾಸ್ತ್ರ ಬೇಕಿದ್ದರೆ ಆರತಿ ತಟ್ಟೆಯ ಕೆಂಪು ನೀರು ನೋಡಿ. ಅರಿಶಿನಕ್ಕೆ ಸುಣ್ಣ ಬಿದ್ದೊಡನೆ ಕೆಂಪಾಗುತ್ತದೆ, ಅದು ಕ್ಷಾರದ ಗುರುತು. ಬೋರ್ಡೋ ತಯಾರಿಸುವಾಗ ನಾವು ಹಿಂದುಮುಂದಾಗಿ ಇದನ್ನೇ ಪರೀಕ್ಷಿಸುವುದು. ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಹುಳಿ ಉಳಿದಿದೆ, ಇನ್ನೂ ಸುಣ್ಣ ಬೇಕು ಎಂದರ್ಥ. ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ ಎಂದು ಬಾಯಿಪಾಠವಿದ್ದರೂ ಸುಣ್ಣ ಒಳ್ಳೆಯದಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಕತ್ತಿ ಅದ್ದುವ ಈ ಶಾಸ್ತ್ರವನ್ನು ಮಾತ್ರ ಯಾರೂ ಬಿಡಬಾರದು.

ನಾನು ನಿಜವಾಗಿ ಬರೆಯಬೇಕೆಂದಿದ್ದುದು ಭೂಮಿ ಹುಣ್ಣಿಮೆಯ ವಿಚಾರ. ಆಶ್ವಯುಜದ ಹುಣ್ಣಿಮೆ, ಸೀಗೆ ಹುಣ್ಣಿಮೆಯೆಂದೂ ಕರೆಯುತ್ತಾರೆ. ಭತ್ತ ಹೊಡೆ ತುಂಬಿರುವ ಕಾಲ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು ಎಂಬುದು ಭಾವನೆ. ಸಾಗರ ಸೊರಬದ ಕಡೆ ದೀವರ ಮನೆಗಳಲ್ಲಿ ಈ ಹಬ್ಬಕ್ಕೆಂದೇ ಬುಟ್ಟಿಗೆ ಕೆಮ್ಮಣ್ಣು ಬಳಿದು, ಮೇಲೆ ಬಿಳಿಗೆರೆಗಳ ಚಿತ್ತಾರ ಬರೆಯುತ್ತಾರೆ. ಅದು ನೋಡಲು ಬಹಳ ಚೆಂದ. ಬಿಜಾಪುರ ಕಲಬುರ್ಗಿ ಕಡೆಯವರು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದೂ ಇದೇ ಬಳಗದ್ದು.

ನಮ್ಮ ಮನೆಯಲ್ಲಿ ಅಮ್ಮ ಹಿಂದಿನ ದಿನವೇ ಕುಡಿ ಕೊಯ್ಯಲು ಹೊರಡುತ್ತಿದ್ದಳು. 'ನೂರೊಂದು ಕುಡಿ' ಎಂದು ಹೆಸರು. ನೂರೊಂದು ಆಗುತ್ತಿತ್ತೋ ಇಲ್ಲವೋ ನಾನು ಎಣಿಸಿಲ್ಲ. ಕನ್ನೆಸೊಪ್ಪು, ಗಣಿಕೆ, ಒಂದೆಲಗ, ಹೊನಗೊನ್ನೆ, ಕೆಸ, ತಗಟೆ, ನೆಲಬಸಳೆ, ಗೋಳಿಸೊಪ್ಪು, ಕುಂಬಳದ ಕುಡಿ, ಹೀರೆಯ ಕುಡಿ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ. ರಾತ್ರಿಯೆಲ್ಲ ಅಡಿಗೆ. ನಸುಕಿನಲ್ಲಿ ಅಪ್ಪ ಬುಟ್ಟಿ ಹೊತ್ತು ಹೊರಡುತ್ತಿದ್ದರು, ಹಿಂದೆ ಲಾಂದ್ರ ಹಿಡಿದು ನಾನು. ಗದ್ದೆಯ ಬದುವಿನಿಂದ ಹಿಡಿದು ಅಡಿಕೆ ತೋಟದ ಅಂಚು, ಕಾಫಿಯ ಬೇಲಿ, ಹಳ್ಳದ ದಂಡೆ, ಚೌಡಿ ಕಲ್ಲು, ಹೀಗೆ ನಾಲ್ಕೂ ಎಲ್ಲೆ ಸುತ್ತಿ ಸೊಪ್ಪಿನ ಪಲ್ಯ ಕಲಸಿದ ಅನ್ನ ಎರಚುತ್ತಿದ್ದರು. ಇಲಿಯ ಪಾಲು ಬದುವಿನಲ್ಲಿ ಹೂತು, ಕಾಗೆಯ ಪಾಲು ಕಲ್ಲಿನ ಮೇಲಿಟ್ಟು, ಆಮೇಲೆ ನಮ್ಮ ಪಾಲು. "ತಾಯಿ, ಬಯಸಿದ್ದು ಉಣ್ಣು, ಉಳಿದದ್ದು ನಮಗೆ ಕೊಡು" ಎಂದು ಅಮ್ಮ ಹೇಳುತ್ತಿದ್ದಳು. ಮಂತ್ರವೆಂದರೆ ಅಷ್ಟೆ.

ಕಾಲೇಜಿನಿಂದ ರಜೆಗೆ ಬಂದ ವರ್ಷ ಅಪ್ಪನನ್ನು, ಅನ್ನ ಎರಚಿದರೆ ಭತ್ತ ಹೆಚ್ಚಾಗುತ್ತದೆಯೇ ಎಂದು ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ. ಹಳ್ಳದ ದಂಡೆಯಲ್ಲಿ ನಿಂತು, "ಬಸಿಗಾಲುವೆ ಕಟ್ಟಿದೆ ನೋಡು, ನಾಳೆ ಇಬ್ಬರನ್ನು ಹಚ್ಚಬೇಕು" ಎಂದರು. ಆಗ ಉತ್ತರ ಬರಲಿಲ್ಲವೆಂದುಕೊಂಡೆ. ನಾನೇ ತೋಟ ಮಾಡಲು ಶುರುಮಾಡಿದ ಮೇಲೆ ಅದೇ ಉತ್ತರವೆಂದು ತಿಳಿಯಿತು. ವರ್ಷದಲ್ಲಿ ಒಂದು ದಿನ, ಮಳೆಗಾಲ ಮುಗಿಯುವ ಹೊತ್ತಿಗೆ, ಯಜಮಾನ ತಾನೇ ತನ್ನ ನಾಲ್ಕೂ ಎಲ್ಲೆಯನ್ನು ಕಾಲಿನಲ್ಲಿ ನಡೆದು ನೋಡುವ ದಿನ ಅದು. ಕೊಳೆಗೆ ಎಷ್ಟು ಅಡಿಕೆ ಉದುರಿದೆ, ಬೇಲಿ ಎಲ್ಲಿ ಮುರಿದಿದೆ, ಯಾವ ಮರ ಒಣಗುತ್ತಿದೆ, ಕಾಫಿಯಲ್ಲಿ ಕಾಂಡಕೊರಕದ ಗಿಡ ಎಲ್ಲೆಲ್ಲಿ ಬಾಡಿದೆ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಮನೆಯಲ್ಲೇ ಕುಳಿತು ರೈಟರನ್ನು ಕೇಳುವವರಿಗೆ ಇದು ಸಿಗುವುದಿಲ್ಲ.

ಅಪ್ಪ ಹೋದಮೇಲೆ ನಾನು ಬುಟ್ಟಿ ಹೊತ್ತೆ. ಅಮ್ಮ ತೀರಿಕೊಂಡದ್ದು ಮೂರು ವರ್ಷದ ಹಿಂದೆ, ಶ್ರಾವಣದಲ್ಲಿ. ಸೂತಕದ ವರ್ಷ ಹಬ್ಬವಿರಲಿಲ್ಲ. ಅದರ ಮರುವರ್ಷ ಹಬ್ಬದ ಹಿಂದಿನ ದಿನ ಹೆಂಡತಿ, "ಕುಡಿ ಯಾವ್ಯಾವುದು ಅಂತ ಅತ್ತೆ ಹೇಳಿಕೊಟ್ಟಿದ್ದು ಹನ್ನೆರಡೋ ಹದಿಮೂರೋ ಅಷ್ಟೇರೀ" ಎಂದಳು. ನಮ್ಮ ತೋಟದಲ್ಲಿ ನಲವತ್ತು ವರ್ಷ ದುಡಿದು ಈಗ ಮನೆಯಲ್ಲಿರುವ ಅಕ್ಕನೊಬ್ಬಳಿದ್ದಾಳೆ, ಅವಳನ್ನು ಕರೆಸಿದೆ. ನನಗೆ ಐವತ್ತು ದಾಟಿದ್ದರೂ ಅವಳಿಗೆ ನಾನಿನ್ನೂ ಸಣ್ಣಯ್ಯ. ಬುಟ್ಟಿ ಹಿಡಿದು ತೋಟಕ್ಕೆ ಇಳಿದವಳು ಗಳಿಗೆ ಹೊತ್ತಿನಲ್ಲೇ ತಿರುಗಿ ಬಂದಳು. ಬುಟ್ಟಿಯ ತಳ ಕಾಣುತ್ತಿತ್ತು.

"ಎಲ್ಲಿಂದ ತರ್ಲಿ ಸಣ್ಣಯ್ಯ? ಔಸ್ತಿ ಹೊಡ್ಸಿ ಸುಟ್ಟಿದೀರಲ್ಲ. ಕುಡೀನೂ ಇಲ್ಲ, ಎರೆಹುಳಾನೂ ಇಲ್ಲ. ಬಸುರಿಗೆ ಏನ್ ಬಡಿಸ್ತೀರಿ?"

ಆಳು ಸಿಗುವುದಿಲ್ಲವೆಂದು ನಾನು ಐದಾರು ವರ್ಷದಿಂದ ಕಳೆನಾಶಕ ಹೊಡೆಸುತ್ತಿದ್ದೆ. ಅಡಿಕೆ ಬುಡವೆಲ್ಲ ಕಸಗುಡಿಸಿದ ಅಂಗಳದಂತೆ ಕಾಣುತ್ತಿತ್ತು. ನೋಡಿದವರೆಲ್ಲ ಹೊಗಳಿದ್ದರು, ನನಗೂ ಹೆಮ್ಮೆಯಿತ್ತು. ಮಳೆಗೆ ಮೇಲ್ಮಣ್ಣು ಹಳ್ಳಕ್ಕೆ ಇಳಿದು ಅಡಿಕೆಯ ಬೇರು ತೇಲುತ್ತಿದ್ದುದನ್ನು ಕಂಡೂ ಕಾಣದವನಂತಿದ್ದೆ. ಯಾವ ತಜ್ಞರ ಭಾಷಣವೂ ಮಾಡದ ಕೆಲಸವನ್ನು ಆ ಖಾಲಿ ಬುಟ್ಟಿ ಮಾಡಿತು. ಆ ವರ್ಷ ಪಕ್ಕದ ತೋಟದಿಂದ ಸೊಪ್ಪು ಬೇಡಿ ತಂದು ಹಬ್ಬ ಮಾಡಿದೆವು. ಅಲ್ಲಿಂದೀಚೆಗೆ ವರ್ಷಕ್ಕೆ ಎರಡು ಬಾರಿ ಯಂತ್ರದಿಂದ ಕಳೆ ಕೊಚ್ಚಿಸಿ ಅಲ್ಲೇ ಬುಡಕ್ಕೆ ಹಾಕಿಸುತ್ತಿದ್ದೇನೆ. ಖರ್ಚು ಹೆಚ್ಚು, ಸುಳ್ಳೇಕೆ ಹೇಳಲಿ. ಕಳೆದ ಹುಣ್ಣಿಮೆಗೆ ಅಕ್ಕ ಮೂವತ್ತೊಂದು ಬಗೆಯ ಕುಡಿ ತಂದಳು. ಈ ಬಾರಿ ನಾನು ಎಣಿಸಿದೆ, ಬರೆದೂ ಇಟ್ಟೆ.

ಎಲ್ಲ ಆಚರಣೆಗಳೂ ಹೀಗೆ ಒಳ್ಳೆಯ ದಾರಿಗೇ ಒಯ್ಯುತ್ತವೆಂದು ನಾನು ಹೇಳಲಾರೆ. ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟಾಗ ಹುಡುಗರು ಮಣ್ಣಿನ ಮಳೆರಾಯನನ್ನು ಮಣೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಗೃಹಿಣಿಯರು ಕೊಡ ನೀರು ಸುರಿಯುತ್ತಾರೆ, ರಾಗಿ ಹಿಟ್ಟೋ ಅಕ್ಕಿಯೋ ಕೊಡುತ್ತಾರೆ, ಸಂಜೆ ಊರವರೆಲ್ಲ ಕೂಡಿ ಉಣ್ಣುತ್ತಾರೆ. ಕಪ್ಪೆಗೆ ಮದುವೆ ಮಾಡುವುದೂ ಉಂಟು. ಮಳೆ ಬರಲಿ ಬಿಡಲಿ, ಕಂಗಾಲಾದ ಊರು ಒಂದು ಹೊತ್ತು ಒಟ್ಟಿಗೆ ಕೂರುತ್ತದೆ. ಬೀರೂರಿನಲ್ಲಿ ದಸರೆಯ ಹೊತ್ತಿಗೆ ಮೈಲಾರಲಿಂಗನ ಕಾರಣಿಕ ಕೇಳಲು ಸೇರುವ ಜನರೂ ಅಷ್ಟೆ, ಮಳೆಬೆಳೆಯ ಮಾತಿಗೆ ಕಿವಿಗೊಟ್ಟು, ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿಕೊಂಡು ಮನೆಗೆ ಹೋಗುತ್ತಾರೆ. ಯಾರಿಗೂ ನಷ್ಟವಿಲ್ಲ.

ಆದರೆ ಅದೇ ಬಯಲುಸೀಮೆಯ ಕೆಲವೆಡೆ ಇನ್ನೊಂದು ಪದ್ಧತಿಯಿದೆ. ತೊನ್ನು ಇದ್ದವರು ಸತ್ತಾಗ ಹೂಳಿದ್ದರಿಂದ ಮಳೆ ಹೋಯಿತೆಂದು ಹೆಣವನ್ನು ಹೊರತೆಗೆದು ಸುಡುವುದು. ಬರದ ವರ್ಷಗಳಲ್ಲಿ ಇಂಥ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದನ್ನು ಸದಸ್ಯರು ಓದಿರಬಹುದು. ತೊನ್ನು ಎಂಬುದು ಚರ್ಮದ ಬಣ್ಣ ಹೋಗುವ ತೊಂದರೆ, ಅಂಟುರೋಗವೂ ಅಲ್ಲ. ಸತ್ತವರಿಗೆ ಏನೂ ಆಗಲಿಕ್ಕಿಲ್ಲ. ತಾಯಿಯನ್ನೋ ತಂಗಿಯನ್ನೋ ಮಣ್ಣು ಮಾಡಿ ಬಂದ ಮನೆಯವರ ಗತಿಯೇನು? ಊರಿನ ಬರಕ್ಕೆ ನಿಮ್ಮ ಮನೆಯ ಹೆಣವೇ ಕಾರಣವೆಂದು ಊರೇ ಬಂದು ಹೇಳಿದರೆ ಅವರು ಎಲ್ಲಿ ಮುಖ ತೋರಿಸಬೇಕು? ಮಳೆರಾಯನಿಗೂ ಇದಕ್ಕೂ ಎರಡೂ ಮೂಢನಂಬಿಕೆಯೆಂದು ಒಂದೇ ಹೆಸರಿಡುವವರನ್ನು ಕಂಡರೆ ನನಗೆ ಬೇಸರ. ಒಂದರಲ್ಲಿ ಊರು ನೀರು ಸುರಿಯುತ್ತದೆ, ಇನ್ನೊಂದರಲ್ಲಿ ಒಂದು ಮನೆಗೆ ಬೆಂಕಿ ಹಚ್ಚುತ್ತದೆ.

ಕಾನೂನೂ ಈ ಭೇದವನ್ನು ಕಂಡಿದೆ. ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳನ್ನು ತಡೆಯುವ ಕರ್ನಾಟಕದ 2017ರ ಅಧಿನಿಯಮ 2020ರ ಜನವರಿಯಲ್ಲಿ ಜಾರಿಗೆ ಬಂತು. ಮನೆಯ ಪೂಜೆ, ಹಬ್ಬ, ಜಾತ್ರೆಗಳನ್ನು ಅದು ಮುಟ್ಟುವುದಿಲ್ಲ. ನಿಧಿಯ ಆಸೆಗೆ ಮಾಡುವ ಅಮಾನುಷ ಕೃತ್ಯ, ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಬರೆ ಹಾಕುವುದು ಇಂಥವಕ್ಕೆ ಶಿಕ್ಷೆಯಿದೆ. ಪ್ರಾಣಿಬಲಿಯ ನಿಷೇಧವಂತೂ 1959ರ ಕಾಯಿದೆಯಷ್ಟು ಹಳೆಯದು. ನಮ್ಮ ಚೌಡಿಗೆ ಕೋಳಿಯ ಬದಲು ಕುಂಬಳಕಾಯಿ ಬಂದು ಎಷ್ಟೋ ಕಾಲವಾಯಿತು. ಅವಳೇನೂ ಬೇಸರ ಮಾಡಿಕೊಂಡಂತಿಲ್ಲ.

ಇನ್ನು ನನ್ನದೇ ಮೂರ್ಖತನವೊಂದನ್ನು ಹೇಳದಿದ್ದರೆ ಈ ಲೇಖನ ಪ್ರಾಮಾಣಿಕವಾಗುವುದಿಲ್ಲ. 2016ರ ಬರಗಾಲದಲ್ಲಿ ಅಜ್ಜಂಪುರ ಕಡೆ ತಾಯಿಯ ಪಾಲಿಗೆ ಬಂದ ಜಮೀನಿನ ಅಡಿಕೆ ಒಣಗುತ್ತಿತ್ತು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಸೆಲೆ ತೋರಿಸುವವರೊಬ್ಬರನ್ನು ಕರೆತಂದೆ. ಕಾಯಿ ನೆಟ್ಟಗೆ ಎದ್ದು ನಿಂತಿತು, ನಾನೂ ಕಣ್ಣಾರೆ ಕಂಡೆ. ಅಲ್ಲೇ ಪೂಜೆ ಮಾಡಿ ಕೊರೆಸಿದೆ. ಏಳುನೂರು ಅಡಿಯವರೆಗೆ ಬಂದದ್ದು ಬೂದಿಯಂಥ ಕಲ್ಲುಪುಡಿ. ಮೂವತ್ತು ಮಾರು ಆಚೆ ಮತ್ತೆ ಕಾಯಿ ಎದ್ದಿತು. ಅಲ್ಲಿ ನೀರು ಬಂತು, ಎರಡು ಬೇಸಗ ಓಡಿ ನಿಂತುಹೋಯಿತು. ಎರಡೂ ಸೇರಿ ಆ ವರ್ಷದ ಕಾಫಿಯ ಹಣವೆಲ್ಲ ನೆಲದೊಳಗೆ ಹೋಯಿತು.

ಜರ್ಮನಿಯ ಮ್ಯೂನಿಕ್ ಬಳಿ 1987-88ರಲ್ಲಿ ಇದನ್ನು ಸರಿಯಾಗಿಯೇ ಪರೀಕ್ಷಿಸಿದ್ದಾರೆ. ಎರಡು ಅಂತಸ್ತಿನ ಕಣಜದ ಕೆಳಗಿನ ಅಂತಸ್ತಿನಲ್ಲಿ ನೀರು ಹರಿಯುವ ಕೊಳವೆಯನ್ನು ಅತ್ತಿತ್ತ ಸರಿಸುತ್ತ, ಮೇಲಿನ ಅಂತಸ್ತಿನಲ್ಲಿ ನಿಂತವರು ಅದು ಎಲ್ಲಿದೆಯೆಂದು ಹೇಳಬೇಕು. ಐನೂರು ಜನ ನೀರು ನೋಡುವವರಲ್ಲಿ 43 ಮಂದಿಯನ್ನು ಆರಿಸಿ, 843 ಬಾರಿ ಪರೀಕ್ಷಿಸಿದರು. ಅವರಲ್ಲಿ ಕನಿಷ್ಠ 37 ಮಂದಿಗೆ ಆ ಶಕ್ತಿಯೇ ಇರಲಿಲ್ಲವೆಂದು ಕಂಡಿತು. ಉಳಿದ ಕೆಲವರದ್ದು ಆಕಸ್ಮಿಕಕ್ಕಿಂತ ಹೆಚ್ಚೇನಲ್ಲವೆಂದು ಆ ಅಂಕಿಗಳನ್ನು ಮರುಪರಿಶೀಲಿಸಿದವರು ತೋರಿಸಿದರು. ನಮ್ಮದು ಗಟ್ಟಿ ಬಂಡೆಯ ನೆಲ. ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಎಲ್ಲಿ ಕೊರೆದರೂ ಒಂದಷ್ಟು ಕಡೆ ಸಿಗುತ್ತದೆ, ಒಂದಷ್ಟು ಕಡೆ ಸಿಗುವುದಿಲ್ಲ. ಸಿಕ್ಕಿದ್ದನ್ನು ಊರೆಲ್ಲ ಹೇಳುತ್ತೇವೆ, ಸಿಗದ್ದನ್ನು ನುಂಗಿಕೊಳ್ಳುತ್ತೇವೆ. ನಾನು ಇಷ್ಟು ವರ್ಷ ನುಂಗಿಕೊಂಡಿದ್ದೆ. ಬೋರು ಹಾಕಿಸಲೇಬೇಕೆಂದಿರುವ ಸದಸ್ಯರು ಮೊದಲು ಭೂವಿಜ್ಞಾನಿಯಿಂದ ನೆಲದ ವಿದ್ಯುತ್ ರೋಧ ಪರೀಕ್ಷೆ ಮಾಡಿಸಲಿ. ಅದೂ ನೂರಕ್ಕೆ ನೂರಲ್ಲ, ಆದರೆ ಇಲ್ಲಿ ಕೊರೆಯಬೇಡಿ ಎಂದು ಹೇಳುವ ಧೈರ್ಯ ಅದಕ್ಕಿದೆ. ತೆಂಗಿನಕಾಯಿ ಒಮ್ಮೆಯೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಕಡೂರು ಕಡೆಯವರಿಗೆ ಇದು ಗೊತ್ತಿರದ ಮಾತಲ್ಲ. ಮದಗದ ಕೆರೆಯೂ ಸಖರಾಯಪಟ್ಟಣದ ಅಯ್ಯನಕೆರೆಯೂ ಕೋಡಿ ಬಿದ್ದ ವರ್ಷ ಕೆಳಗಿನ ಬಾವಿ ಬೋರುಗಳೆಲ್ಲ ತಾವಾಗಿ ಉಸಿರಾಡುತ್ತವೆ. ಕೋಡಿ ಬಿದ್ದ ಕೆರೆಗೆ ಬಾಗಿನ ಕೊಡಲು ಜನ ಸಾಲುಗಟ್ಟಿ ಹೋಗುತ್ತಾರೆ, ನಾನೂ ಹೋಗಿದ್ದೇನೆ. ಮೊರದ ಬಾಗಿನ ಕೊಡೋಣ. ಅದನ್ನು ಸುತ್ತಿ ತಂದ ಪ್ಲಾಸ್ಟಿಕ್ಕನ್ನೂ ಗಂಗಮ್ಮನಿಗೇ ಕೊಡುವುದು ಬೇಡ. ಕೆರೆಗೆ ನೀರು ತರುವ ಕಾಲುವೆಯಲ್ಲಿ ಬೆಳೆದ ಜಾಲಿ ಕಡಿಯಲು ಅಂದೇ ಒಂದು ಗಂಟೆ ಕೈಜೋಡಿಸಿದರೆ ಇನ್ನೂ ಚೆನ್ನ.

ಈಗ ಪರಿಶೋಧಕರ ಪ್ರಶ್ನೆಗೆ ಬರುತ್ತೇನೆ. ಆಡಳಿತ ಮಂಡಳಿಯ ಅನುಮತಿ ಪಡೆದು, ಆ 640 ರೂಪಾಯಿಯನ್ನು ಸಂಘದ ಲೆಕ್ಕದಿಂದ ತೆಗೆದು, ಸಿಬ್ಬಂದಿಯೂ ನಾನೂ ಹಂಚಿಕೊಂಡು ಕಟ್ಟಿದ್ದೇವೆ. ಎಲ್ಲ ಜಾತಿ ಮತಗಳ ಸದಸ್ಯರ ಹಣ ಅದು. ಅದರಲ್ಲಿ ನಮ್ಮ ಕುಂಬಳಕಾಯಿ ಬರಕೂಡದೆಂಬ ಅವರ ಮಾತು ನ್ಯಾಯವಾದದ್ದೆ. ಮುಂದಿನ ಖರೀದಿಯ ದಿನ ಕುಂಬಳಕಾಯಿ ನನ್ನ ಹಿತ್ತಲಿನಿಂದ ಬರುತ್ತದೆ. ಒಡೆದದ್ದನ್ನು ದಾರಿಯಲ್ಲಿ ಬಿಡುವುದಿಲ್ಲ. ಕಳೆದ ವರ್ಷ ಅದರ ಮೇಲೆ ಸೈಕಲ್ ಜಾರಿ ಹಮಾಲರೊಬ್ಬರ ಮೊಣಕಾಲು ಒಡೆದಿತ್ತು. ದೃಷ್ಟಿ ತೆಗೆಯಲು ಹೋಗಿ ಆದದ್ದು ಅದು.

ಕೊನೆಯದಾಗಿ ಸದಸ್ಯರಲ್ಲಿ ಒಂದು ಅರಿಕೆ. ನನ್ನ ಮೂವತ್ತೊಂದು ಕುಡಿಗಳ ಪಟ್ಟಿಯನ್ನು ಸಂಘದ ಕಛೇರಿಯಲ್ಲಿ ಗೊಬ್ಬರದ ದರಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದೇನೆ. ಕೆಳಗೆ ಖಾಲಿ ಜಾಗ ಬಿಟ್ಟಿದೆ. ತಮ್ಮ ಮನೆಯ ಹಿರಿಯ ಹೆಂಗಸರನ್ನೂ ತೋಟದ ಹಳೆಯ ಆಳುಗಳನ್ನೂ ಕೇಳಿ, ಬಿಟ್ಟುಹೋದವನ್ನು ಸೇರಿಸಬೇಕು. ತರೀಕೆರೆಯಲ್ಲಿ ಒಂದು ಹೆಸರು, ಕಡೂರಿನಲ್ಲಿ ಇನ್ನೊಂದು ಹೆಸರಿದ್ದರೆ ಎರಡನ್ನೂ ಬರೆಯಿರಿ. ಸಾಧ್ಯವಾದರೆ ಒಂದು ಎಲೆಯನ್ನೂ ತನ್ನಿ. ಮೊನ್ನೆ ಅಕ್ಕ ಕಛೇರಿಗೆ ಬಂದಿದ್ದಳು, ಪಟ್ಟಿ ಓದಿಸಿಕೊಂಡಳು. "ಹದಿನಾಲ್ಕನೇದೂ ಇಪ್ಪತ್ತೆರಡನೇದೂ ಒಂದೇ ಸೊಪ್ಪು ಸಣ್ಣಯ್ಯ" ಎಂದು ಹೇಳಿ ಹೋಗಿದ್ದಾಳೆ. ಆದ್ದರಿಂದ ಸದ್ಯಕ್ಕೆ ಮೂವತ್ತು.